ಪ್ರೊಪೆಲ್ಲರುಳ್ಳ ವಿಮಾನವು ಹಳೆಯದೋ?

ವಿಮಾನದ ರೆಕ್ಕೆಯಲ್ಲಿ ಪ್ರೊಪೆಲ್ಲರು ತಿರುಗುವದನ್ನು ಕಂಡೊಡನೆ ಇದು ಹಿಂದಿನ ಕಾಲದ್ದೆಂದು ಅಂಜುವವರು ನಮ್ಮ ವಾಚಕರಲ್ಲಿಯೂ ಇರಬಹುದು. ಜೆಟ್ ವಿಮಾನಗಳನ್ನು ಕಂಡು ರೂಢಿಯಾದವರಿಗೆ ಹಾಗೆ ತೋರುವದು ಸಹಜವೇ. ಆದರೂ ಈ ಅಭಿಪ್ರಾಯವು ಎಷ್ಟರಮಟ್ಟಿಗೆ ಸರಿಯೆಂಬದನ್ನು ನಾವು ವಿಚಾರಿಸೋಣ.

ಪೂರ್ವದ ಪ್ರೊಪೆಲ್ಲರುಗಳನ್ನು ತಿರುಗಿಸುತ್ತಿದ್ದದ್ದು ಮೋಟಾರು ಬಂಡಿಯಲ್ಲಿರುವಂಥ ಪಿಸ್ಟನ್ ಎಂಜಿನು. ಟರ್ಬೊಪ್ರಾಪಿನಲ್ಲಿಯಾದರೋ ಪ್ರೊಪೆಲ್ಲರಿನ ಹಿಂದೆ ಅಡಗಿರುವದು ಜೆಟ್ ಎಂಜಿನಿನ ಒಡಹುಟ್ಟು. ಒಳಗೆ ಬಂದ ಗಾಳಿಯನ್ನು ಒತ್ತಿ, ಅದರಲ್ಲಿ ಎಣ್ಣೆಯನ್ನು ಉರಿಸಿದರೆ, ಕಾದ ಅನಿಲವು ಟರ್ಬೈನೆಂಬ ಅಲಗುಚಕ್ರವನ್ನು ತಿರುಗಿಸುವದು. ಜೆಟ್ ವಿಮಾನದಲ್ಲಿ ಆ ಅನಿಲವು ಹಿಂದಕ್ಕೆ ಚಿಮ್ಮುವದರಿಂದ ವಿಮಾನವು ಮುಂದೆ ಸಾಗುವದು. ಇಲ್ಲಿ ಅದರ ಬಲದ ಬಹುಭಾಗವನ್ನು ಟರ್ಬೈನೇ ಹೀರಿ ಪ್ರೊಪೆಲ್ಲರಿಗೆ ಕೊಡುವದು. ರೋಲ್ಸ್-ರಾಯ್ಸ್ ಕಂಪೆನಿಯ ಡಾರ್ಟ್ ಎಂಜಿನು ನಿಮಿಷಕ್ಕೆ ಸುಮಾರು 15,000 ಸುತ್ತು ತಿರುಗುತ್ತಿತ್ತು. ಹಲ್ಲುಚಕ್ರಗಳು ಆ ವೇಗವನ್ನು ಸುಮಾರು 1,400ಕ್ಕೆ ಇಳಿಸಿ ಪ್ರೊಪೆಲ್ಲರಿಗೆ ಒಪ್ಪಿಸುತ್ತಿದ್ದವು.

ಇಷ್ಟೆಲ್ಲಾ ಏಕೆ? ನಮ್ಮ ಅಡಿಗೆಮನೆಯನ್ನೇ ನೋಡೋಣ. ಊದುಕೊಳವೆಯು ಸ್ವಲ್ಪ ಗಾಳಿಯನ್ನು ರಭಸದಿಂದ ಕಳುಹಿಸುವದು. ಬೀಸಣಿಗೆಯು ಬಹಳ ಗಾಳಿಯನ್ನು ಮೆಲ್ಲನೆ ಸರಿಸುವದು. ಅದು ಜೆಟ್, ಇದು ಪ್ರೊಪೆಲ್ಲರು. ಹಿಂದಕ್ಕೆ ತಳ್ಳುವ ಗಾಳಿಯ ವೇಗವನ್ನು ಇಮ್ಮಡಿಸಿದರೆ ನೂಕುಬಲವು ಇಮ್ಮಡಿಯಾಗುವದು, ಗಾಳಿಗೆ ಕೊಡಬೇಕಾದ ಶಕ್ತಿಯಾದರೋ ನಾಲ್ಮಡಿಯಾಗುವದು. ವೇಗವನ್ನು ಹಾಗೆಯೇ ಇಟ್ಟು ಗಾಳಿಯ ಮೊತ್ತವನ್ನು ಇಮ್ಮಡಿಸಿದರೆ ಬಲವೂ ಶಕ್ತಿಯೂ ಇಮ್ಮಡಿ ಮಾತ್ರ. ಎಣ್ಣೆಯ ಉಳಿತಾಯದ ಗುಟ್ಟು ಇದೇ. ಆದರೆ ಬಹಳ ವೇಗದಲ್ಲಿ ಅಲಗುಗಳ ತುದಿಯು ಶಬ್ದದ ವೇಗವನ್ನು ಸಮೀಪಿಸಿ ಬಲವು ವ್ಯರ್ಥವಾಗುವದರಿಂದ, ದೂರದೇಶದ ಪ್ರಯಾಣಕ್ಕೆ ಜೆಟ್ ವಿಮಾನವೇ ಮೇಲು.

ಡಾರ್ಟ್ ಎಂಜಿನುಗಳು ನಾಲ್ಕುಳ್ಳ ವೈಕೌಂಟ್ ವಿಮಾನವು ಇಂಗ್ಲೆಂಡಿನಲ್ಲಿ 1948ರ ಜುಲೈ 16ರಂದು ಮೊದಲು ಹಾರಿತು. ಪಿಸ್ಟನ್ನಿನ ಅದಿರಾಟವಿಲ್ಲದ್ದರಿಂದ, ಹಾರುತ್ತಿರುವಾಗಲೇ ಪ್ರಯಾಣಿಕರು ಮೇಜಿನ ಮೇಲೆ ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸಿ ನೋಡುತ್ತಿದ್ದರಂತೆ! 1957ರಲ್ಲಿ ವೈಕೌಂಟುಗಳು ನಮ್ಮ ದೇಶದ ಸೇವೆಗೂ ಬಂದವು. 1961ರಿಂದ ಕಾನ್ಪುರದಲ್ಲಿ ಕಟ್ಟಲ್ಪಟ್ಟ ಆವ್ರೋ ವಿಮಾನಗಳಿಗೂ ಡಾರ್ಟ್ ಎಂಜಿನೇ. ಈಗಲೂ ಹೊಸದಾಗಿ ತಯಾರಾಗುತ್ತಿರುವ ಎ.ಟಿ.ಆರ್. 72 ಎಂಬ ಟರ್ಬೊಪ್ರಾಪ್ ವಿಮಾನಕ್ಕೆ ಚಿಕ್ಕ ಓಡುದಾರಿ ಸಾಕು. ಮೈಸೂರಿನ 1,740 ಮೀಟರಿನ ದಾರಿಯಲ್ಲಿ ಅದು ಇಳಿದು ಏರಿದ್ದುಂಟು. ಸಣ್ಣ ಊರುಗಳಿಗೆ ವಿಮಾನವು ತಲಪುವದು ಬಹುಮಟ್ಟಿಗೆ ಇದರಿಂದಲೇ.

ಹೆಣ್ಣುಮಕ್ಕಳ ತಂದೆತಾಯಿಗಳಿಗೆ ಇನ್ನೊಂದು ಸಂಗತಿಯನ್ನು ತಿಳಿಸಬೇಕೆಂದು ನಮಗೆ ತೋರುತ್ತದೆ. ನಮ್ಮ ವಾಯುಸೇನೆಯಲ್ಲಿ ಯುದ್ಧವಿಮಾನ ನಡಿಸಲು 2016ರ ಜೂನಿನಲ್ಲಿ ಮೂವರು ಸ್ತ್ರೀಯರು ಮೊದಲಾಗಿ ನೇಮಕವಾದರು. ಆ ಕಾಲದಲ್ಲಿ ವಾಯುಸೇನೆಯ ಹೊಸ ಚಾಲಕರಿಗೆ ಹಾರಾಟದ ಮೊದಲ ಪಾಠವು ನಡೆಯುತ್ತಿದ್ದದ್ದು ಪಿಲಾಟಸ್ ಎಂಬ ಸ್ವಿಸ್ ವಿಮಾನದಲ್ಲಿ. ಅದರ ಮೂಗಿನಲ್ಲಿರುವದು ಟರ್ಬೊಪ್ರಾಪ್. ಇದೇ ಪಾಠಕ್ಕಾಗಿ ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರೋನಾಟಿಕ್ಸಿನವರು ಕಟ್ಟಿದ ಎಚ್.ಟಿ.ಟಿ. 40 ಕೂಡ ಟರ್ಬೊಪ್ರಾಪ್ ವಿಮಾನವೇ. ಅದು ಮೊದಲು ಹಾರಿದ್ದು 2016ರ ಮೇ 31ರಂದು.