ಮೈಸೂರು ಸಂಸ್ಥಾನದ ರೈಲ್ವೆ: ಪರೀಕ್ಷಾ ಟಿಪ್ಪಣಿ

1. ರಾಜ್ಯಕ್ಕೆ ಮೊದಲ ರೈಲು ಬಂದದ್ದು: 1864, ಬೆಂಗಳೂರು ಕಂಟೋನ್ಮೆಂಟ್–ಜೋಲಾರಪೇಟೆ. ನಿರ್ಮಾಣ ಮದ್ರಾಸ್ ರೈಲ್ವೆ ಕಂಪನಿಯದು, ಸಂಸ್ಥಾನದ್ದಲ್ಲ.

2. ಬೆಂಗಳೂರು–ಮೈಸೂರು: ಮೀಟರ್ ಗೇಜ್, ಸಂಸ್ಥಾನದ ಸ್ವಂತ ಹಣದ ಮಾರ್ಗ. ಚನ್ನಪಟ್ಟಣದವರೆಗೆ 1881, ಮೈಸೂರಿಗೆ 1882.

3. ಬಂಗಾರಪೇಟೆ–ಮಾರಿಕುಪ್ಪಂ (1894): ಕೋಲಾರ ಚಿನ್ನದ ಗಣಿಗಾಗಿ. ಬಂಗಾರಪೇಟೆಯ ಹಳೆಯ ಹೆಸರು ಬೌರಿಂಗ್‌ಪೇಟೆ. ಹೊಂದಿಸಿ ಬರೆಯುವ ಪ್ರಶ್ನೆಗೆ ಹೇಳಿ ಮಾಡಿಸಿದಂತಿದೆ.

4. ಬೆಂಗಳೂರು–ಚಿಕ್ಕಬಳ್ಳಾಪುರ: ಮೊದಲು ನ್ಯಾರೋ ಗೇಜ್. ನಿಲ್ದಾಣಗಳು: ದೇವನಹಳ್ಳಿ, ನಂದಿ ಹಾಲ್ಟ್.

5. 14 ಏಪ್ರಿಲ್ 1951: ಮೈಸೂರು ಸ್ಟೇಟ್ ರೈಲ್ವೆ, ಮದ್ರಾಸ್ ಅಂಡ್ ಸದರ್ನ್ ಮರಾಠ, ಸೌತ್ ಇಂಡಿಯನ್ ರೈಲ್ವೆ ಸೇರಿ ದಕ್ಷಿಣ ರೈಲ್ವೆ.

6. ನೈಋತ್ಯ ರೈಲ್ವೆ: 2003. ಕೇಂದ್ರ ಕಚೇರಿ ಹುಬ್ಬಳ್ಳಿ. ವಿಭಾಗಗಳು: ಹುಬ್ಬಳ್ಳಿ, ಬೆಂಗಳೂರು, ಮೈಸೂರು.

ಎಡವುವ ಜಾಗಗಳು
• ಕೇಂದ್ರ ಕಚೇರಿ ಬೆಂಗಳೂರು ಎಂದು ಬರೆದು ಅಂಕ ಕಳೆದುಕೊಳ್ಳುವವರೇ ಹೆಚ್ಚು.
• ಮಂಗಳೂರು ಸೆಂಟ್ರಲ್: ದಕ್ಷಿಣ ರೈಲ್ವೆ, ಪಾಲಕ್ಕಾಡ್ ವಿಭಾಗ. ಕರ್ನಾಟಕದಲ್ಲಿದ್ದರೂ ನೈಋತ್ಯಕ್ಕೆ ಸೇರಿಲ್ಲ.
• ಕೊಂಕಣ ರೈಲ್ವೆ ವಲಯವಲ್ಲ, ನಿಗಮ. ಕೇಂದ್ರ ಕಚೇರಿ ನವಿ ಮುಂಬೈನ ಬೇಲಾಪುರ.
• ಅತಿ ಉದ್ದದ ಪ್ಲಾಟ್‌ಫಾರ್ಮ್: ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣ, 1,507 ಮೀ., ಉದ್ಘಾಟನೆ 2023. ಹಳೆಯ ಪುಸ್ತಕಗಳಲ್ಲಿ ಇನ್ನೂ ಗೋರಖಪುರ ಎಂದೇ ಇದೆ.