ಗಣಕಯಂತ್ರದ ಪಂದ್ಯದಲ್ಲಿ ಕಾರಿನ ಪರೀಕ್ಷೆ

ಕಬ್ಬಿನ ಗಾಡಿಗಳು ಸಾಲುಗಟ್ಟಿ ಸಾಗುವ ನಮ್ಮ ಕೊಪ್ಪದಲ್ಲಿ ಕುಳಿತು ಮೊನಾಕೊ, ಮೊಂಜಾಗಳ ಕಾರುಪಂದ್ಯದ ಮಾತೆತ್ತಿದರೆ ವಾಚಕರು ನಕ್ಕಾರು. ಆದರೆ ‘ಎಫ್-ವನ್ ಮ್ಯಾನೇಜರ್ 2022’ ಎಂಬ ಗಣಕಯಂತ್ರದ ಆಟದಲ್ಲಿ ಅದು ಸಾಧ್ಯ. ಇಲ್ಲಿ ನಾವು ಚಾಲಕರಲ್ಲ, ತಂಡದ ಯಜಮಾನರು. ಪಂದ್ಯಕ್ಕೆ ಮುನ್ನ ಅಭ್ಯಾಸದ ಅವಧಿಯಲ್ಲಿ ಕಾರಿನ ಐದು ಅಂಶಗಳನ್ನು ಹೊಂದಿಸಬೇಕು: ಮುಂದಿನ ಮತ್ತು ಹಿಂದಿನ ರೆಕ್ಕೆಗಳ ಓರೆ, ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಬಿಗಿಯ ಹಂಚಿಕೆ, ಚಕ್ರಗಳ ಎರಡು ಬಗೆಯ ಓರೆ. ಕೆಲವು ಸುತ್ತು ಓಡಿಸಿ ಬಂದ ಚಾಲಕನು ತಿರುವು, ಬ್ರೇಕು, ನೇರದಾರಿಗಳ ವಿಷಯದಲ್ಲಿ ತನ್ನ ಅಭಿಪ್ರಾಯ ತಿಳಿಸುತ್ತಾನೆ.

ಈ ರೆಕ್ಕೆ ಹಕ್ಕಿಯದರಂತೆ ಮೇಲೆತ್ತುವುದಲ್ಲ; ಗಾಳಿಯ ಬಲದಿಂದ ಕಾರನ್ನು ನೆಲಕ್ಕೆ ಅದುಮುವಂಥದು. ಓರೆ ಹೆಚ್ಚಿದಷ್ಟೂ ತಿರುವಿನಲ್ಲಿ ಹಿಡಿತ ಹೆಚ್ಚು, ನೇರದಾರಿಯಲ್ಲಿ ವೇಗ ಕಡಮೆ. ಇಟಲಿಯ ಮೊಂಜಾದಲ್ಲಿ ನೇರದಾರಿಗಳು ಉದ್ದ. ಅಲ್ಲಿ ಓರೆ ತಗ್ಗಿಸುವುದೇ ರೂಢಿ. ಮೊನಾಕೊ 3.337 ಕಿಲೋಮೀಟರಿನ ಊರಬೀದಿ. ತಿರುವಿನ ಮೇಲೆ ತಿರುವು.

ನಾನು ಎಡವಿದ್ದು ಹೀಗೆ. ಗಡಸು ಟೈರಿನಲ್ಲಿ ಕಾರು ಓಡಿಸಿ, ಬಳಿಕ ಹಿಂದಿನ ರೆಕ್ಕೆ ತಗ್ಗಿಸಿದೆ. ಜೊತೆಗೇ ಮೆದು ಟೈರನ್ನೂ ಹಾಕಿಸಿದೆ. ಸುತ್ತಿನ ಕಾಲ ಸುಮಾರು ಒಂದು ಸೆಕೆಂಡು ಇಳಿಯಿತು. ಚಾಲಕ ತಿರುವಿನ ಬಗ್ಗೆ ಗೊಣಗಿದ. ಗಡಿಯಾರಕ್ಕಿಂತ ಅವನು ದೊಡ್ಡವನೇ ಎಂದುಕೊಂಡು, “ಹಿಂದಿನ ರೆಕ್ಕೆ ತಗ್ಗಿಸಿದರೆ ವೇಗ” ಎಂದು ಟಿಪ್ಪಣಿ ಪುಸ್ತಕದಲ್ಲಿ ದಪ್ಪಕ್ಷರದಲ್ಲಿ ಬರೆದೆ. ಆ ಪುಸ್ತಕವನ್ನು ನಂಬಿದ ಸಹಪಾಠಿ ಮೊನಾಕೊದಲ್ಲಿ ಅದನ್ನೇ ಪಾಲಿಸಿದ. ತಿಂಗಳುಗಟ್ಟಲೆ ಕಟ್ಟಿದ ಅವನ ತಂಡದ ಎರಡೂ ಕಾರುಗಳು ಬಾಲದಲ್ಲಿ ಉಳಿದವು. ಎರಡು ದಿನ ಅವನು ನನ್ನೊಡನೆ ಮಾತೇ ಆಡಲಿಲ್ಲ.

ಜಗಲಿಯಲ್ಲಿ ಕುಳಿತು ಇದನ್ನೆಲ್ಲ ಕೇಳಿದ ತಾತ, ಹಿಂದೆ ಗಾಡಿ ಓಟಕ್ಕೆ ಎತ್ತು ಸಾಕಿದವರು, ಹೇಳಿದರು: “ಎತ್ತೂ ಬದಲಾಯ್ಸಿ, ಗಾಡಿನೂ ಬದಲಾಯ್ಸಿದ್ರೆ ಗೆದ್ದಿದ್ದು ಯಾವ್ದು ಅಂತ ಹೆಂಗ್ಲಾ ಹೇಳ್ತೀಯ, ಮಗ?”

ಮತ್ತೆ ಕುಳಿತೆ. ಅದೇ ಟೈರು, ಅಷ್ಟೇ ಸುತ್ತು. ಬದಲಿಸಿದ್ದು ಹಿಂದಿನ ರೆಕ್ಕೆಯೊಂದನ್ನೇ. ಕಾಲ ಇಳಿಯಲಿಲ್ಲ, ತುಸು ಏರಿತು! ಇನ್ನೊಮ್ಮೆ ಮಾಡಿದರೂ ಅಷ್ಟೇ. ಲಾಭವೆಲ್ಲ ಮೆದು ಟೈರಿನದು. ಗೊಣಗಿದ ಚಾಲಕನೇ ಸರಿ. ಹೀಗೆ ಒಂದೊಂದನ್ನೇ ಬದಲಿಸಿದರೂ ತೊಡಕು ತಪ್ಪದು: ಒಂದು ಅಂಶವನ್ನು ತಿರುಗಿಸಿದರೆ ಎರಡು ಮೂರು ಗುಣಗಳು ಒಟ್ಟಿಗೆ ಅಲುಗುತ್ತವೆ, ತಿರುವನ್ನು ಸರಿಪಡಿಸಲು ಹೋದರೆ ಬ್ರೇಕು ಕೆಡುತ್ತದೆ. ಆದ್ದರಿಂದ ಈಗ ಸುತ್ತಿನ ಕಾಲದ ಪಕ್ಕದಲ್ಲಿಯೇ ಚಾಲಕನ ಮಾತನ್ನೂ ಬರೆಯುತ್ತೇನೆ.

ಹಳೆಯ ಸಾಲನ್ನು ಹೊಡೆದುಹಾಕಿ ಪುಸ್ತಕವನ್ನು ಗೆಳೆಯನಿಗೆ ಮತ್ತೆ ಕೊಟ್ಟಿದ್ದೇನೆ. ಯಾವ ಪುಟ ತೆರೆದರೂ ಅವನ ಮೊದಲ ಪ್ರಶ್ನೆ ಒಂದೇ: “ಟೈರ್ ಯಾವುದ್ಲಾ?”