ಓದಲು – ಓದುವುದು : ಇಂಗ್ಲಿಷ್ ವ್ಯಾಕರಣದ ಒಂದು ತೊಡಕು

ಕನ್ನಡ ಪಂಡಿತನಿಗೆ ಇಂಗ್ಲಿಷ್ ವ್ಯಾಕರಣದ ಗೊಡವೆ ಏತಕ್ಕೆಂದು ವಾಚಕ ಮಹಾಶಯರು ಕೇಳಬಹುದು. ಕಾರಣವಿದೆ. ಕೆಲಕಾಲದ ಹಿಂದೆ ಹುಡುಗನೊಬ್ಬನು ತನ್ನ ಇಂಗ್ಲಿಷ್ ಉತ್ತರಪತ್ರಿಕೆಯನ್ನು ತಂದು ನನ್ನ ಮುಂದಿರಿಸಿದನು. ‘ಐ ಎಂಜಾಯ್ ಟು ರೀಡ್’ ಎಂದು ಬರೆದಿದ್ದನು. ಅದನ್ನು ಹೊಡೆದುಹಾಕಿ, ಬದಿಯಲ್ಲಿ ‘ಕನ್ನಡದಲ್ಲಿ ಯೋಚಿಸಬೇಡ’ ಎಂದು ಕೆಂಪು ಶಾಯಿಯಲ್ಲಿ ಬರೆಯಲಾಗಿತ್ತು. ವಾಕ್ಯವು ತಪ್ಪೆಂಬುದು ದಿಟ. ‘ಐ ಎಂಜಾಯ್ ರೀಡಿಂಗ್’ ಎಂದಿರಬೇಕು. ಆದರೆ ತಪ್ಪಿನ ಹೊರೆಯನ್ನು ಕನ್ನಡದ ತಲೆಯ ಮೇಲೆ ಹೊರಿಸಿದುದು ನ್ಯಾಯವೆ? ‘ಓದುವುದರಲ್ಲಿ ಆನಂದಪಡುತ್ತೇನೆ’ ಎಂದು ಆ ಬಾಲಕನು ಕನ್ನಡದಲ್ಲಿಯೇ ಸರಿಯಾಗಿ ಯೋಚಿಸಿದ್ದರೆ ಆ ತಪ್ಪು ಸಂಭವಿಸುತ್ತಿರಲಿಲ್ಲ.

ಇಂಗ್ಲಿಷಿನವರು ‘ಟು ರೀಡ್’ ಎಂಬ ರೂಪವನ್ನು ಇನ್ಫಿನಿಟಿವ್ ಎಂದೂ, ‘ರೀಡಿಂಗ್’ ಎಂಬುದು ನಾಮಪದದಂತೆ ಬಳಕೆಯಾದಾಗ ಅದನ್ನು ಜೆರಂಡ್ ಎಂದೂ ಕರೆಯುತ್ತಾರೆ. ನಮ್ಮ ಶಾಸ್ತ್ರದಲ್ಲಿ ‘ಓದಲು, ಓದಲಿಕ್ಕೆ’ ಎಂಬುವು ಕೃದಂತಾವ್ಯಯಗಳು. ‘ಓದುವುದು’ ಎಂಬುದು ಕೃದಂತ ಭಾವನಾಮ. ಸಂಸ್ಕೃತದಲ್ಲಿ ‘ಪಠಿತುಂ’, ‘ಪಠನಂ’ ಎಂಬಂತೆ. ಅವ್ಯಯಕ್ಕೆ ವಿಭಕ್ತಿ ಹತ್ತದು. ಭಾವನಾಮಕ್ಕೆ ಹತ್ತುತ್ತದೆ: ಓದುವುದನ್ನು, ಓದುವುದರಿಂದ, ಓದುವುದರಲ್ಲಿ. ಇಂಗ್ಲಿಷಿನಲ್ಲಿ ನಮ್ಮ ವಿಭಕ್ತಿಯ ಕೆಲಸವನ್ನು ಬಹುಮಟ್ಟಿಗೆ ಮಾಡುವುದು ನಾಮಪದದ ಹಿಂದೆ ನಿಲ್ಲುವ ಇನ್, ಬೈ, ಆಫ್, ಫ್ರಮ್ ಮೊದಲಾದ ಪುಟ್ಟ ಪದಗಳು. ಆದುದರಿಂದ ಅವುಗಳ ಮುಂದೆ ಬರತಕ್ಕದ್ದು ಜೆರಂಡ್. ಕಲಿಯುವುದರಲ್ಲಿ ಆಸಕ್ತಿ – ‘ಇಂಟರೆಸ್ಟೆಡ್ ಇನ್ ಲರ್ನಿಂಗ್’. ಓದುವುದರಿಂದ – ‘ಬೈ ರೀಡಿಂಗ್’.

ಬಲ್ಲವರೂ ಎಡವುವ ಸ್ಥಳವೊಂದಿದೆ. ‘ಐ ಲುಕ್ ಫಾರ್ವರ್ಡ್ ಟು ಮೀಟ್ ಯೂ’ ಎಂದು ಪದವೀಧರರಾದ ಹಳೆಯ ವಿದ್ಯಾರ್ಥಿಗಳೂ ಪತ್ರ ಬರೆಯುವುದುಂಟು. ಅಲ್ಲಿಯ ‘ಟು’ ಅವ್ಯಯದ ಗುರುತಲ್ಲ, ವಿಭಕ್ತಿಸ್ಥಾನದ ‘ಟು’. ಪರೀಕ್ಷಿಸಲು ಅಲ್ಲೊಂದು ನಾಮಪದವನ್ನಿಟ್ಟು ನೋಡಬೇಕು. ‘ಲುಕ್ ಫಾರ್ವರ್ಡ್ ಟು ದ ಫೆಸ್ಟಿವಲ್’ ಎಂಬುದು ಸರಿಹೊಂದುವುದರಿಂದ ‘ಟು ಮೀಟಿಂಗ್ ಯೂ’ ಎಂಬುದೇ ಸಾಧು.

ಇನ್ನು ಅರ್ಥವೇ ಬದಲಾಗುವ ಧಾತುಗಳು. ಇಲ್ಲಿ ಕನ್ನಡವು ಇಂಗ್ಲಿಷಿಗಿಂತಲೂ ಸ್ಪಷ್ಟವಾಗಿದೆ. ‘ಹೀ ಸ್ಟಾಪ್ಡ್ ಟಾಕಿಂಗ್’ – ಮಾತನಾಡುವುದನ್ನು ನಿಲ್ಲಿಸಿದನು. ‘ಹೀ ಸ್ಟಾಪ್ಡ್ ಟು ಟಾಕ್’ – ಮಾತನಾಡಲು ನಿಂತನು. ಅವರಲ್ಲಿ ಕ್ರಿಯಾಪದ ಒಂದೇ. ನಮ್ಮಲ್ಲಿ ಅದೂ ಭಿನ್ನವಾಯಿತು. ‘ರಿಮೆಂಬರ್ ಲಾಕಿಂಗ್’ ಎಂದರೆ ಬೀಗ ಹಾಕಿದ್ದು ನೆನಪಿದೆ ಎಂಬ ಅರ್ಥ. ‘ರಿಮೆಂಬರ್ ಟು ಲಾಕ್’ ಎಂದರೆ ಬೀಗ ಹಾಕಲು ಮರೆಯಬೇಡ ಎಂದು. ಒಂದು ಕಳೆದುದರ ಕಡೆಗೆ, ಇನ್ನೊಂದು ಮುಂದಾಗಬೇಕಾದುದರ ಕಡೆಗೆ. ಎಲ್ಲಕ್ಕಿಂತ ಸೊಗಸಾದುದು ‘ಟ್ರೈ’. ‘ಟ್ರೈ ಟು ಓಪನ್’ ಎಂದರೆ ತೆರೆಯಲು ಪ್ರಯತ್ನಿಸು. ‘ಟ್ರೈ ಓಪನಿಂಗ್’ ಎಂಬುದಕ್ಕೆ ನಾವು ‘ತೆರೆದು ನೋಡು’ ಎನ್ನುತ್ತೇವೆ. ಈ ‘ನೋಡು’ವಿಗೆ ಕಣ್ಣಿನ ಹಂಗಿಲ್ಲವೆಂದು ನಮ್ಮ ಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ.

ನನ್ನ ಹುಟ್ಟೂರು ಬಂಟ್ವಾಳ ತಾಲ್ಲೂಕಿನ ನರಿಕೊಂಬು. ಅಲ್ಲಿ ‘ನನಗೆ ನಾಳೆ ಮಂಗಳೂರಿಗೆ ಹೋಗಲಿಕ್ಕುಂಟು’ ಎನ್ನುವುದು ರೂಢಿ. ಬಯಲುಸೀಮೆಗೆ ಬಂದ ಹೊಸತರಲ್ಲಿ ನನ್ನ ಈ ಮಾತಿಗೆ ಮಕ್ಕಳು ನಗುತ್ತಿದ್ದರು. ಅವರ ಬಾಯಲ್ಲಿ ಅದು ‘ಹೋಗೋದಿದೆ’. ಅರ್ಥ ಒಂದೇ, ಕರಾವಳಿಯವನು ಅವ್ಯಯವನ್ನು ಹಿಡಿದನು, ಬಯಲುಸೀಮೆಯವನು ಭಾವನಾಮವನ್ನು ಹಿಡಿದನು. ಇಂಗ್ಲಿಷಿನ ‘ಐ ಹ್ಯಾವ್ ಟು ಗೋ’ ಎಂಬುದರ ಕಟ್ಟಡವಾದರೋ ನಮ್ಮೂರಿನ ‘ಹೋಗಲಿಕ್ಕುಂಟು’ವಿನ ಪಡಿಯಚ್ಚಿನಂತಿದೆ! ಮನೆಮಾತು ತುಳುವಾದ ಮಗುವೂ ‘ಮಲ್ಪೆರೆ’ (ಮಾಡಲು), ‘ಮಲ್ಪುನಿ’ (ಮಾಡುವುದು) ಎಂಬ ಭೇದವನ್ನು ತೊಟ್ಟಿಲಿನಿಂದಲೇ ಬಲ್ಲದು. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನು ಸಂಪಾದಿಸಿದ ಕಿಟ್ಟೆಲರು ಇಂಗ್ಲಿಷಿನಲ್ಲಿ ರಚಿಸಿದ ಕನ್ನಡ ವ್ಯಾಕರಣವು 1903ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಇಂಗ್ಲಿಷ್ ಬಲ್ಲವರಿಗೆ ಅವರ ಭಾಷೆಯ ಮೂಲಕ ಕನ್ನಡವನ್ನು ತಿಳಿಸಲು ಸಾಧ್ಯವಾದರೆ, ನಮ್ಮ ಮಕ್ಕಳಿಗೆ ಕನ್ನಡದ ಮೂಲಕ ಇಂಗ್ಲಿಷನ್ನು ತಿಳಿಸಲು ಏಕೆ ಸಾಧ್ಯವಾಗಬಾರದು?

ಹಾಗೆಂದು ಕನ್ನಡವು ಎಲ್ಲೆಡೆಯೂ ದಾರಿ ತೋರುತ್ತದೆಂದು ಹೇಳಿದರೆ ಆತ್ಮವಂಚನೆಯಾದೀತು. ‘ಹೋಗುವುದೆಂದು ನಿಶ್ಚಯಿಸಿದೆವು’ ಎನ್ನುತ್ತೇವೆ. ಇಂಗ್ಲಿಷಿನ ‘ಡಿಸೈಡ್’ ಧಾತುವಿಗೆ ‘ಟು ಗೋ’ ಬೇಕು. ‘ಹೋಗಲು ಸೂಚಿಸಿದರು’ ಎನ್ನುತ್ತೇವೆ; ‘ಸಜೆಸ್ಟ್’ ಧಾತುವಿಗೆ ‘ಗೋಯಿಂಗ್’ ಬೇಕು. ‘ಓದಿ ಮುಗಿಸಿದೆನು’ ಎಂಬಲ್ಲಿ ನಮ್ಮದು ಇವೆರಡೂ ಅಲ್ಲದ ಭೂತಕೃದಂತ. ‘ಫಿನಿಶ್’ ಧಾತುವಿಗೆ ‘ರೀಡಿಂಗ್’. ‘ಓದುವುದಕ್ಕೆ ಬಂದನು’ ಎಂಬಲ್ಲಿ ಭಾವನಾಮಕ್ಕೆ ವಿಭಕ್ತಿ ಹತ್ತಿದ್ದರೂ ಉದ್ದೇಶಾರ್ಥವಿರುವುದರಿಂದ ‘ಕೇಮ್ ಟು ರೀಡ್’ ಎಂದೇ ಆಗಬೇಕು. ಇಂಥ ಧಾತುಗಳಿಗೆ ಯುಕ್ತಿ ನಡೆಯದು, ಕಂಠಪಾಠವೇ ಗತಿ. ಸಂಸ್ಕೃತ ಧಾತುಗಳನ್ನು ಅವುಗಳ ಪದ, ಗಣಗಳೊಡನೆ ನಾವು ಬಾಯಿಪಾಠ ಮಾಡಿದಂತೆ, ‘ಸಜೆಸ್ಟ್ ಗೋಯಿಂಗ್, ಡಿಸೈಡ್ ಟು ಗೋ’ ಎಂದು ಜೋಡಿಯಾಗಿಯೇ ಕಲಿಸತಕ್ಕದ್ದು. ಬಿಡಿ ಧಾತುವಿನ ಅರ್ಥವನ್ನಷ್ಟೇ ಬರೆಸುವ ಪದ್ಧತಿಯನ್ನು ಅಧ್ಯಾಪಕ ಮಿತ್ರರು ಕೈಬಿಡುವುದು ಒಳಿತು.

ಉತ್ತರಪತ್ರಿಕೆಯ ಆ ಬಾಲಕನು ಎರಡು ದಿನಗಳ ತರುವಾಯ ಮತ್ತೆ ಬಂದನು. ‘ಐ ಯೂಸ್ಡ್ ಟು ಗೋ’ ಹಾಗೂ ‘ಐ ಆಮ್ ಯೂಸ್ಡ್ ಟು ಗೋಯಿಂಗ್’ ಎಂಬುವುಗಳಿಗೆ ಭೇದವೇನೆಂದು ಅವನ ಪ್ರಶ್ನೆ. ಎರಡನ್ನೂ ಕನ್ನಡದಲ್ಲಿ ಹೇಳೆಂದೆನು. ಸ್ವಲ್ಪ ಹೊತ್ತು ತಡವರಿಸಿ ‘ಮೊದಲು ಹೋಗುತ್ತಿದ್ದೆ, ಹೋಗುವುದು ನನಗೆ ರೂಢಿಯಾಗಿದೆ’ ಎಂದನು. ಎರಡನೆಯದರ ‘ಟು’ ವಿಭಕ್ತಿಸ್ಥಾನದ್ದೇ ಗುರುಗಳೇ ಎಂದು ಅವನೇ ಕೇಳಿದನು.